ಸಂಕಮ್ಮ ಕೊಡದ ಭಾಷೆ: ವಿಡಿಯೋ ಗೇಮ್ ಪಾತ್ರಗಳ ಯಂತ್ರರಚಿತ ಸಂಭಾಷಣೆ – ಒಂದು ಪರಿಶೀಲನೆ

ಕನ್ನಡದಲ್ಲಿ ‘ಭಾಷೆ’ ಎಂಬ ಪದಕ್ಕೆ ಎರಡು ಅರ್ಥಗಳಿವೆ. ಆಡುವ ನುಡಿ ಎಂಬುದು ಒಂದು. ಕೊಟ್ಟ ಮಾತು, ಆಣೆ ಎಂಬುದು ಇನ್ನೊಂದು. ಮೊದಲನೆಯದನ್ನು ಕಲಿಯಬಹುದು. ಎರಡನೆಯದನ್ನು ಕೊಡಬೇಕು, ಕೊಟ್ಟವರು ಅದಕ್ಕೆ ಬದ್ಧರಾಗಿ ನಡೆಯಬೇಕು. ಚಾಮರಾಜನಗರ ಜಿಲ್ಲೆಯ ಮಲೆಸೀಮೆಯಲ್ಲಿ ಹಾಡುತ್ತ ಬಂದಿರುವ ಮಲೆ ಮಾದೇಶ್ವರ ಕಾವ್ಯದ ‘ಸಂಕಮ್ಮನ ಸಾಲು’ ಈ ಎರಡನೆಯ ಅರ್ಥದ ಮೇಲೆಯೇ ನಿಂತ ಕಥೆ. ಕಾಡಿಗೆ ಹೊರಟ ಸೋಲಿಗರ ನೀಲೇಗೌಡ ತನ್ನ ಹೆಂಡತಿ ಸಂಕಮ್ಮನಿಂದ ಶೀಲದ ಬಗೆಗೆ ಭಾಷೆ ಕೇಳುತ್ತಾನೆ. ಅವಳು ಕೊಡಲೊಲ್ಲಳು. ಕಥೆಯ ಮುಂದಿನ ಎಲ್ಲ ನೋವು, ಎಲ್ಲ ಮಹಿಮೆ ಆ ಒಂದು ನಿರಾಕರಣೆಯಿಂದ ಹುಟ್ಟುತ್ತವೆ.

ವಿಡಿಯೋ ಗೇಮ್‌ಗಳ ಪಾತ್ರಗಳಿಗೆ ಕೃತಕ ಬುದ್ಧಿಮತ್ತೆಯ ಮೂಲಕ ಮಾತು ಕೊಡುವ ಪ್ರಯತ್ನಗಳು ಕಳೆದ ಕೆಲವು ವರ್ಷಗಳಲ್ಲಿ ಪ್ರಯೋಗಶಾಲೆಯನ್ನು ದಾಟಿ ಮಾರುಕಟ್ಟೆಯನ್ನು ಮುಟ್ಟಿವೆ. ಬರೆದಿಟ್ಟ ಸಂಭಾಷಣೆಯನ್ನು ಒಪ್ಪಿಸುವ ಬದಲು, ಆಟಗಾರ ಏನು ಕೇಳಿದರೂ ಆ ಕ್ಷಣದಲ್ಲಿ ಉತ್ತರ ಕಟ್ಟಿ ಹೇಳುವ ಪಾತ್ರಗಳು ಈಗ ಸಾಧ್ಯವಾಗಿವೆ. ಈ ಬೆಳವಣಿಗೆಯ ಚರ್ಚೆ ಬಹುಮಟ್ಟಿಗೆ ತಂತ್ರಜ್ಞಾನ ಮತ್ತು ಉದ್ಯಮದ ಪರಿಭಾಷೆಯಲ್ಲಿ ನಡೆಯುತ್ತಿದೆ. ಆದರೆ ಪಾತ್ರವೊಂದು ಮಾತನಾಡುವುದೆಂದರೇನು ಎಂಬುದು ಮೂಲತಃ ಸಾಹಿತ್ಯ ವಿಮರ್ಶೆಯ ಪ್ರಶ್ನೆ. ಪಾತ್ರಕ್ಕೆ ಆ ಕ್ಷಣದಲ್ಲೇ ಮಾತು ಕಟ್ಟುವ ಕಲೆ ಕನ್ನಡಕ್ಕೆ ಹೊಸದೂ ಅಲ್ಲ. ಈ ಹಿನ್ನೆಲೆಯಲ್ಲಿ, ಸಂಕಮ್ಮನ ಸಾಲನ್ನು ಒರೆಗಲ್ಲಾಗಿ ಇಟ್ಟುಕೊಂಡು ಯಂತ್ರರಚಿತ ಸಂಭಾಷಣೆಯ ಶಕ್ತಿ ಮತ್ತು ಮಿತಿಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಸೀಮೆ ಮತ್ತು ಕಾವ್ಯ

ಹೂಗ್ಯಂ ಹನೂರು ತಾಲ್ಲೂಕಿನ ಅಂಚಿನಲ್ಲಿ, ತಮಿಳುನಾಡಿನ ಕಾಡಿಗೆ ಹತ್ತಿರವಿರುವ ಊರು. 2013ರಲ್ಲಿ ಘೋಷಿತವಾದ ಮಲೆ ಮಹದೇಶ್ವರ ವನ್ಯಜೀವಿಧಾಮದ ಒಂದು ವಲಯಕ್ಕೂ ಇದೇ ಹೆಸರು. ಊರಿನ ಹೆಸರಿನ ಮೊದಲ ಭಾಗ ಕನ್ನಡದ ಕಿವಿಗೆ ಹೂವನ್ನು ನೆನಪಿಸುತ್ತದೆ; ಕೊನೆಯ ‘ಅಂ’ ತಮಿಳಿನ ಕಿವಿಗೆ ಹತ್ತಿರವಾಗಿ ಕೇಳಿಸುತ್ತದೆ. ನೆರೆಯ ಮೀಣ್ಯಂ ಕೂಡ ಹಾಗೆಯೇ. ಇಂತಹ ನುಡಿಬೆರಕೆಗೆ ಚರಿತ್ರೆಯ ಕಾರಣವೂ ಇದೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅನಂತರ ಮೈಸೂರು ಜಿಲ್ಲೆಗೆ ಬಂದ ಈ ಭಾಗ 1997ರಲ್ಲಿ ಚಾಮರಾಜನಗರ ಜಿಲ್ಲೆಯ ಭಾಗವಾಯಿತು. ಕೊಳ್ಳೇಗಾಲದೊಳಗಿದ್ದ ಹನೂರು ಈಚೆಗೆ ಪ್ರತ್ಯೇಕ ತಾಲ್ಲೂಕಾಗಿದೆ. ಕನ್ನಡ, ತಮಿಳು, ಸೋಲಿಗರ ನುಡಿ ಇಲ್ಲಿ ಅಕ್ಕಪಕ್ಕದಲ್ಲಿ ಬದುಕಿವೆ. 1970ರ ದಶಕದಿಂದ ಒಡೆಯರಪಾಳ್ಯದಲ್ಲಿ ನೆಲೆಸಿದ ಟಿಬೆಟನ್ನರ ಮಾತೂ ಇದೇ ತಾಲ್ಲೂಕಿನಲ್ಲಿ ಕೇಳಿಬರುತ್ತದೆ.

ಈ ಸೀಮೆಯ ದೊಡ್ಡ ಕಾವ್ಯ ಮಲೆ ಮಾದೇಶ್ವರ. ಇದನ್ನು ಹಾಡುವವರು ದೇವರಗುಡ್ಡರು. ಮಾದಪ್ಪನ ಹೆಸರಿನಲ್ಲಿ ದೀಕ್ಷೆ ಪಡೆದ ಇವರಿಗೆ ಕಂಸಾಳೆ ವಾದ್ಯವೂ ಹೌದು, ಗುರುತೂ ಹೌದು. ಕಾವ್ಯದ ಒಂದು ಪಾಠವನ್ನು ಪಿ.ಕೆ. ರಾಜಶೇಖರ ಅವರು ಸಂಗ್ರಹಿಸಿ 1973ರಲ್ಲಿ ಹೊರತಂದರು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಪಾಠವನ್ನು ಕೇಶವನ್ ಪ್ರಸಾದ್ ಅವರು ಸಂಪಾದಿಸಿದ್ದು, ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅದನ್ನು 1997ರಲ್ಲಿ ಪ್ರಕಟಿಸಿತು. ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಅವರ ಇಂಗ್ಲಿಷ್ ಅನುವಾದ 2001ರಲ್ಲಿ ಬಂದಿತು. ಎರಡು ಪಾಠಗಳು ಒಂದೇ ಕಥೆಯನ್ನು ಒಂದೇ ಮಾತಿನಲ್ಲಿ ಹೇಳುವುದಿಲ್ಲ. ಗಾಯಕ ಬದಲಾದಂತೆ, ಇರುಳು ಬದಲಾದಂತೆ ಸೊಲ್ಲುಗಳು ಹಿಗ್ಗುತ್ತವೆ, ಕುಗ್ಗುತ್ತವೆ, ಜಾಗ ಬದಲಿಸುತ್ತವೆ.

ಸಂಕಮ್ಮನ ಸಾಲಿನ ತಿರುಳನ್ನು ಸಂಕ್ಷೇಪವಾಗಿ ಹೀಗೆ ಹೇಳಬಹುದು. ಭಾಷೆ ಕೊಡದ ಹೆಂಡತಿಯನ್ನು ನೀಲೇಗೌಡ ಹಿಂಸಿಸಿ, ಬಂಧನದಲ್ಲಿಟ್ಟು ಕಾಡಿಗೆ ಹೋಗುತ್ತಾನೆ. ಸಂಕಮ್ಮನ ಮೊರೆ ಕೇಳಿ ಮಾದಪ್ಪ ಬರುತ್ತಾನೆ. ಬಂಧನ ಬಿಡಿಸಿ ಮಕ್ಕಳ ವರ ಕೊಡುತ್ತಾನೆ. ಕಾರಯ್ಯ, ಬಿಲ್ಲಯ್ಯ ಹುಟ್ಟುತ್ತಾರೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ನೀಲೇಗೌಡ ಕೇಳಿದ ಭಾಷೆಯನ್ನು ಕೊಡಲು ಸಂಕಮ್ಮನಿಗೆ ಯಾವ ಅಡ್ಡಿಯೂ ಇರಲಿಲ್ಲ. ಅವಳು ನಿಷ್ಠೆಯುಳ್ಳವಳು, ಕೊಟ್ಟಿದ್ದರೆ ಆ ಭಾಷೆ ನಿಜವೇ ಆಗುತ್ತಿತ್ತು. ಆದರೂ ಅವಳು ಕೊಡಲಿಲ್ಲ. ಕೈಹಿಡಿದು ಬಂದವಳಿಂದ ಮತ್ತೊಮ್ಮೆ ಭಾಷೆ ಕೇಳುವುದೆಂದರೆ ಮೊದಲು ಕೊಟ್ಟ ಮಾತನ್ನೇ ಅಲ್ಲಗಳೆದಂತೆ. ಅಂಥ ಬೇಡಿಕೆಗೆ ಉತ್ತರ ಕೊಡುವುದೇ ಸೋಲು ಎಂಬ ನಿಲುವನ್ನು ಆ ನಿರಾಕರಣೆಯಲ್ಲಿ ಕಾಣಬಹುದು. ಸಂಕಮ್ಮ ಯಾರೆಂಬುದು ಅವಳು ಹೇಳಿದ ಮಾತಿಗಿಂತ ಹೆಚ್ಚಾಗಿ, ಅವಳು ಹೇಳಲೊಲ್ಲದ ಮಾತಿನಿಂದ ತಿಳಿಯುತ್ತದೆ.

2. ಆಟದ ಪಾತ್ರ ಮಾತು ಕಲಿತ ಬಗೆ

ಯಂತ್ರದೊಡನೆ ಸಂಭಾಷಣೆಯ ಚರಿತ್ರೆ ವಿಡಿಯೋ ಗೇಮ್‌ಗಳಿಗಿಂತ ಹಳೆಯದು. ಅಮೆರಿಕದ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ 1966ರಲ್ಲಿ ವಿವರಿಸಿದ ‘ಎಲೈಜಾ’ ಎಂಬ ತಂತ್ರಾಂಶ, ಎದುರಿನವರ ವಾಕ್ಯವನ್ನೇ ತಿರುಗಿಸಿ ಪ್ರಶ್ನೆಯಾಗಿ ಒಪ್ಪಿಸುತ್ತಿತ್ತು. ಅಷ್ಟರಿಂದಲೇ ಜನ ಅದರೊಡನೆ ಮನಸ್ಸು ಬಿಚ್ಚಿ ಮಾತನಾಡತೊಡಗಿದ್ದು ಅದರ ಕರ್ತೃವನ್ನೇ ಕಳವಳಗೊಳಿಸಿತು. ಮುಂದೆ ಬಂದ ಆಟಗಳಲ್ಲಿ ಬಹುಪಾಲು ಸಂಭಾಷಣೆ ಕವಲು ಮರದ ರೀತಿಯದು. ಲೇಖಕರು ಮೊದಲೇ ಬರೆದ ಮೂರು ನಾಲ್ಕು ಮಾತುಗಳಲ್ಲಿ ಆಟಗಾರ ಒಂದನ್ನು ಆರಿಸುತ್ತಾನೆ. ಪಾತ್ರ ಅದಕ್ಕೆ ಬರೆದಿಟ್ಟ ಉತ್ತರವನ್ನು ಹೇಳುತ್ತದೆ. ಅಲ್ಲಿ ಅಚ್ಚರಿ ಕಡಿಮೆ. ಆದರೆ ಪ್ರತಿ ಮಾತಿಗೂ ಒಬ್ಬ ಲೇಖಕನ ಹೊಣೆ ಇರುತ್ತದೆ.

ಈ ಚರಿತ್ರೆಯಲ್ಲಿ 2005ರಲ್ಲಿ ಮೈಕೆಲ್ ಮಟೀಯಸ್ ಮತ್ತು ಆಂಡ್ರ್ಯೂ ಸ್ಟರ್ನ್ ಹೊರತಂದ ‘ಫಸಾಡ್’ ಎಂಬ ಆಟಕ್ಕೆ ವಿಶೇಷ ಸ್ಥಾನವಿದೆ. ಅದರ ವಸ್ತು ಒಡೆಯುತ್ತಿರುವ ದಾಂಪತ್ಯ. ಗ್ರೇಸ್ ಮತ್ತು ಟ್ರಿಪ್ ಎಂಬ ದಂಪತಿಗಳ ಮನೆಗೆ ಅತಿಥಿಯಾಗಿ ಬಂದ ಆಟಗಾರ ತನಗೆ ತೋಚಿದ್ದನ್ನು ಟೈಪ್ ಮಾಡಿ ಮಾತನಾಡಬಹುದು. ಪಾತ್ರಗಳ ಉತ್ತರಗಳೆಲ್ಲ ಲೇಖಕರು ಬರೆದವೇ. ಯಾವ ಸನ್ನಿವೇಶಕ್ಕೆ ಯಾವ ಮಾತು ಎಂಬುದನ್ನು ಮಾತ್ರ ಯಂತ್ರ ತೀರ್ಮಾನಿಸುತ್ತದೆ. ಅತಿಥಿ ಮರ್ಯಾದೆ ಮೀರಿದರೆ ಟ್ರಿಪ್ ಅವನನ್ನು ಮನೆಯಿಂದ ಹೊರಗೆ ಕಳುಹಿಸುತ್ತಾನೆ. ಪಾತ್ರಕ್ಕೆ ಇಲ್ಲಿ ಮನೆಯಿದೆ, ಬಾಗಿಲಿದೆ, ಬಾಗಿಲು ಹಾಕಿಕೊಳ್ಳುವ ಅಧಿಕಾರವೂ ಇದೆ. ಇಪ್ಪತ್ತು ನಿಮಿಷಗಳ ಸುಮಾರಿನ ಈ ಆಟಕ್ಕೆ ಕರ್ತೃಗಳು ವರ್ಷಗಟ್ಟಲೆ ದುಡಿಯಬೇಕಾಯಿತು.

2019ರಲ್ಲಿ ನಿಕ್ ವಾಲ್ಟನ್ ರೂಪಿಸಿದ ‘ಎಐ ಡಂಜನ್’ ಈ ಶ್ರಮದ ಲೆಕ್ಕವನ್ನೇ ಬದಲಿಸಿತು. ಅದರ ಹಿಂದೆ ಇದ್ದದ್ದು ಅಪಾರ ಪಠ್ಯರಾಶಿಯಿಂದ ಕಲಿತ ಭಾಷಾ ಮಾದರಿ. ಆಟಗಾರ ಏನು ಬರೆದರೂ ಕಥೆ ಮುಂದುವರಿಯುತ್ತಿತ್ತು. 2023ರ ಮಾರ್ಚ್‌ನಲ್ಲಿ ಯೂಬಿಸಾಫ್ಟ್ ಸಂಸ್ಥೆ, ದಾರಿಹೋಕರ ಮತ್ತು ಗುಂಪಿನ ಬಿಡಿ ಉದ್ಗಾರಗಳಿಗೆ ಮೊದಲ ಕರಡು ಬರೆದುಕೊಡುವ ‘ಘೋಸ್ಟ್‌ರೈಟರ್’ ಎಂಬ ಸಾಧನವನ್ನು ಪ್ರಕಟಿಸಿತು. ಅದೇ ವರ್ಷ ಎನ್‌ವಿಡಿಯಾ ಸಂಸ್ಥೆ ತೈಪೆಯಲ್ಲಿ, ನೂಡಲ್ಸ್ ಅಂಗಡಿಯ ಯಜಮಾನನೊಬ್ಬ ಆಟಗಾರನ ಮಾತಿಗೆ ಬಾಯಿಮಾತಿನಲ್ಲೇ ಉತ್ತರಿಸುವ ಪ್ರಾತ್ಯಕ್ಷಿಕೆ ನೀಡಿತು. 2024ರ ಮಾರ್ಚ್‌ನಲ್ಲಿ ಯೂಬಿಸಾಫ್ಟ್ ಇನ್ನೂ ಮುಂದುವರಿದ ಪ್ರಯೋಗವನ್ನು ತೋರಿಸಿತು. ಅಲ್ಲಿ ಲೇಖಕರು ಪಾತ್ರದ ಸ್ವಭಾವ ಮತ್ತು ಪೂರ್ವಕಥೆಯನ್ನು ಬರೆಯುತ್ತಾರೆ, ಮಾತನ್ನು ಮಾದರಿ ಕಟ್ಟುತ್ತದೆ. ಹೀಗೆ ಇಪ್ಪತ್ತು ವರ್ಷಗಳಲ್ಲಿ ಲೇಖಕನ ಕೆಲಸ ಮಾತು ಬರೆಯುವುದರಿಂದ ಮಾತಿನ ಗಡಿ ಬರೆಯುವುದರತ್ತ ಸರಿದಿದೆ.

3. ಸೂತ್ರ ಮತ್ತು ಸಂಭವ

ಗಡಿಯನ್ನು ಗೊತ್ತುಮಾಡಿ ಮಾತನ್ನು ಬಿಟ್ಟುಕೊಡುವ ಈ ವಿಧಾನ ಮೌಖಿಕ ಕಾವ್ಯದ ಅಧ್ಯಯನಕಾರರಿಗೆ ಅಪರಿಚಿತವಲ್ಲ. ಮಿಲ್ಮನ್ ಪ್ಯಾರಿ 1930ರ ದಶಕದಲ್ಲಿ ಯುಗೊಸ್ಲಾವಿಯದ ಗಾಯಕರನ್ನು ಕುರಿತು ನಡೆಸಿದ ಕ್ಷೇತ್ರಕಾರ್ಯವನ್ನು ಆಧರಿಸಿ, ಆಲ್ಬರ್ಟ್ ಲಾರ್ಡ್ 1960ರಲ್ಲಿ ಪ್ರಕಟಿಸಿದ ಸಿದ್ಧಾಂತ ಪ್ರಸಿದ್ಧವಾದದ್ದು. ಗಾಯಕ ಕಾವ್ಯವನ್ನು ಬಾಯಿಪಾಠ ಮಾಡಿರುವುದಿಲ್ಲ. ಸಿದ್ಧ ನುಡಿಗಟ್ಟುಗಳನ್ನೂ ಸಿದ್ಧ ಸನ್ನಿವೇಶಗಳನ್ನೂ ಬಳಸಿ ಹಾಡುವಾಗಲೇ ಕಾವ್ಯವನ್ನು ಕಟ್ಟುತ್ತಾನೆ ಎಂಬುದು ಅದರ ಸಾರ. ಮಾದೇಶ್ವರ ಕಾವ್ಯದ ಪಾಠಾಂತರಗಳನ್ನು ಈ ಬೆಳಕಿನಲ್ಲಿ ವಿವರಿಸಬಹುದು. ಭಾಷಾ ಮಾದರಿಯೂ ಮೇಲುನೋಟಕ್ಕೆ ಹಾಗೆಯೇ ಕಾಣುತ್ತದೆ. ಕೋಟ್ಯಂತರ ವಾಕ್ಯಗಳಲ್ಲಿ ಯಾವುದರ ನಂತರ ಯಾವುದು ಬಂದೀತು ಎಂಬ ಸಂಭವವನ್ನು ಕಲಿತು, ಒಂದೊಂದೇ ತುಣುಕನ್ನು ಪೋಣಿಸುತ್ತ ಹೋಗುವುದು ಅದರ ಕ್ರಮ. ಗುಡ್ಡನೂ ಕೇಳಿದ್ದನ್ನು ಮರುಜೋಡಿಸುತ್ತಾನೆ, ಯಂತ್ರವೂ ಓದಿದ್ದನ್ನು ಮರುಜೋಡಿಸುತ್ತದೆ. ಹಾಗಾದರೆ ಭೇದವೇನು ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ‘ಯಂತ್ರಕ್ಕೆ ಹೃದಯವಿಲ್ಲ’ ಎಂದು ಹೇಳಿ ಈ ಪ್ರಶ್ನೆಯನ್ನು ದಾಟುವುದು ವಿಮರ್ಶೆಯಾಗದು.

ಭೇದವನ್ನು ಸಂಕಮ್ಮನ ಉತ್ತರದಲ್ಲಿಯೇ ಹುಡುಕಬಹುದು. ನಿಷ್ಠಾವಂತ ಹೆಂಡತಿಯಿಂದ ಗಂಡ ಭಾಷೆ ಕೇಳಿದಾಗ ಹೆಚ್ಚು ಸಂಭವನೀಯವಾದ ಉತ್ತರ ಯಾವುದು? ಭಾಷೆ ಕೊಡುವುದೇ. ಪತಿವ್ರತೆಯರ ಸಾವಿರ ಕಥೆಗಳನ್ನು ಓದಿದ ಮಾದರಿ ಆ ದಾರಿಯನ್ನೇ ಹಿಡಿಯುವ ಸಾಧ್ಯತೆ ಹೆಚ್ಚು. ಕಾವ್ಯ ಹಿಡಿದದ್ದು ಇನ್ನೊಂದು ದಾರಿ. ಗುಡ್ಡನಿಗೆ ನುಡಿಗಟ್ಟುಗಳ ಆಯ್ಕೆಯಲ್ಲಿ ಎಷ್ಟೇ ಸ್ವಾತಂತ್ರ್ಯವಿದ್ದರೂ, ಸಂಕಮ್ಮನಿಂದ ಭಾಷೆ ಕೊಡಿಸುವ ಸ್ವಾತಂತ್ರ್ಯವಿಲ್ಲ. ಅವನು ಅದನ್ನು ಬಯಸುವುದೂ ಇಲ್ಲ. ಕೊಡಿಸಿದರೆ ಮಾದಪ್ಪ ಬರುವ ಕಾರಣವೇ ಇಲ್ಲವಾಗುತ್ತದೆ, ಕಾರಯ್ಯ ಬಿಲ್ಲಯ್ಯರು ಹುಟ್ಟುವುದಿಲ್ಲ. ಒಂದು ಸೊಲ್ಲು ಸಡಿಲವಾದರೆ ಇಡೀ ಸಾಲು ಕಳಚಿಬೀಳುತ್ತದೆ. ಅವನ ಮಾತಿನ ಸೂತ್ರ ಹಿಂದಿನಿಂದ ತಳ್ಳುವುದರ ಜೊತೆಗೆ ಮುಂದಿನಿಂದಲೂ ಎಳೆಯುತ್ತದೆ. ಹಿಂದಿನ ಪದಗಳಿಂದ ಮುಂದಿನ ಪದವನ್ನು ಊಹಿಸುವ ಕ್ರಮಕ್ಕೆ ಈ ಎಳೆತ ತಾನಾಗಿ ಒದಗುವುದಿಲ್ಲ. ಅದನ್ನು ಯಾರಾದರೂ ಹೊರಗಿನಿಂದ ಕೊಡಬೇಕು.

4. ಎರಡು ಬಗೆಯ ನಿರಾಕರಣೆ

ಮೇಲಿನ ಮಾತಿಗೆ ಒಂದು ಆಕ್ಷೇಪವನ್ನು ಎತ್ತಬಹುದು. ಲೇಖಕ ಹೊರಗಿನಿಂದಲೇ ಸೂಚನೆ ಕೊಟ್ಟರಾಯಿತಲ್ಲ? ‘ಈ ಪಾತ್ರ ಭಾಷೆ ಕೊಡತಕ್ಕದ್ದಲ್ಲ’ ಎಂದು ಬರೆದಿಟ್ಟರೆ ಮಾದರಿ ಅದನ್ನು ಪಾಲಿಸುವುದಿಲ್ಲವೆ? ಪಾಲಿಸುತ್ತದೆ, ಈಗಿನ ಮಾದರಿಗಳು ಒಂದೆರಡು ಸುತ್ತಿನ ಸಂಭಾಷಣೆಯಲ್ಲಿ ಬಹಳ ಚೆನ್ನಾಗಿಯೇ ನಿರಾಕರಿಸಬಲ್ಲವು. ಆದ್ದರಿಂದ ನಿಜವಾದ ಪ್ರಶ್ನೆ ಆ ನಿರಾಕರಣೆ ಎಷ್ಟು ಹೊತ್ತು ನಿಲ್ಲುತ್ತದೆ, ಯಾರದಾಗಿ ನಿಲ್ಲುತ್ತದೆ ಎಂಬುದು.

ಮೊದಲನೆಯದಾಗಿ, ಭಾಷಾ ಮಾದರಿಗಳನ್ನು ಕೇಳಿದವರಿಗೆ ನೆರವಾಗುವಂತೆ, ಒಪ್ಪಿಗೆಯಾಗುವಂತೆ ಉತ್ತರಿಸಲು ತರಬೇತಿಗೊಳಿಸಲಾಗುತ್ತದೆ. ಹೀಗಾಗಿ ಎದುರಿನವರು ಪಟ್ಟು ಹಿಡಿದಾಗ ತಮ್ಮ ನಿಲುವನ್ನು ಬಿಟ್ಟು ವಾಲುವುದು ಅವುಗಳ ಗುರುತಿಸಲ್ಪಟ್ಟ ದೋಷ. ಸಂಭಾಷಣೆ ದೀರ್ಘವಾದಂತೆ ಮೊದಲ ಸೂಚನೆಯ ಹಿಡಿತ ಸಡಿಲವಾಗುವುದೂ ಉಂಟು. ಎರಡನೆಯದಾಗಿ, ಯಂತ್ರ ನಿರಾಕರಿಸಿದಾಗಲೂ ಆ ನಿರಾಕರಣೆ ಹಲವು ವೇಳೆ ಪಾತ್ರದ್ದಾಗಿರದೆ ಸಂಸ್ಥೆಯದಾಗಿರುತ್ತದೆ. 2025ರ ಮೇ ತಿಂಗಳಲ್ಲಿ ‘ಫೋರ್ಟ್‌ನೈಟ್’ ಆಟದಲ್ಲಿ ಡಾರ್ತ್ ವೇಡರ್ ಪಾತ್ರ ಆಟಗಾರರೊಡನೆ ನೇರವಾಗಿ ಮಾತನಾಡತೊಡಗಿದಾಗ ನಡೆದದ್ದು ಇದಕ್ಕೆ ನಿದರ್ಶನ. ಅರ್ಧ ಶತಮಾನದಿಂದ ಗಾಂಭೀರ್ಯಕ್ಕೆ ಹೆಸರಾದ ಆ ಖಳನ ಬಾಯಿಂದ ಆಟಗಾರರು ಕೆಲವೇ ಗಂಟೆಗಳಲ್ಲಿ ಹೊಲಸು ಬೈಗುಳ ಹೊರಡಿಸಿದರು. ಸಂಸ್ಥೆ ಕೂಡಲೇ ತಿದ್ದುಪಡಿ ಮಾಡಿತು. ಆ ತಿದ್ದುಪಡಿ ತಡೆದದ್ದು ಬೈಗುಳವನ್ನು. ವೇಡರ್ ಎಂಬುವನು ಯಾವ ಮಾತಿಗೆ ಎಂದೂ ಇಳಿಯುವುದಿಲ್ಲ ಎಂಬ ಪಾತ್ರದ ಅರಿವು ಅದರಿಂದ ಹುಟ್ಟಲಿಲ್ಲ.

ಪಾತ್ರದ ನಿರಾಕರಣೆ ಮತ್ತು ಸಂಸ್ಥೆಯ ನಿರಾಕರಣೆ ಬೇರೆ ಬೇರೆ ಎಂಬುದನ್ನು ವಿಮರ್ಶೆ ಸ್ಪಷ್ಟವಾಗಿ ಗುರುತಿಸಬೇಕಾಗಿದೆ. ಸಂಸ್ಥೆಯ ನಿಯಮ ಎಲ್ಲ ಪಾತ್ರಗಳಿಗೂ ಒಂದೇ. ಅದು ಕಳ್ಳನಿಗೂ ಜಂಗಮನಿಗೂ ಒಂದೇ ಬಾಯಿಮುಚ್ಚಳ ಹಾಕುತ್ತದೆ. ಪಾತ್ರದ ನಿರಾಕರಣೆ ಅದರ ಬದುಕಿನಿಂದ ಬರುವಂಥದು. ಸಂಕಮ್ಮ ಭಾಷೆ ಕೊಡದಿರುವುದಕ್ಕೆ ಅವಳ ತವರು, ಮದುವೆ, ಅವಳು ನಂಬಿದ ದೈವ ಎಲ್ಲವೂ ಕಾರಣ.

ಆ ಕ್ಷಣದ ಮಾತುಗಾರಿಕೆ ಮತ್ತು ಅಲುಗದ ನಿರಾಕರಣೆ ಒಟ್ಟಿಗೆ ಇರಬಲ್ಲವು ಎಂಬುದಕ್ಕೆ ಕನ್ನಡದಲ್ಲಿಯೇ ಇನ್ನೊಂದು ಸಾಕ್ಷಿಯಿದೆ. ಅದು ಮಲೆಸೀಮೆಯಿಂದ ದೂರದ ಕರಾವಳಿಯ ಮತ್ತು ಕಾಸರಗೋಡಿನ ತಾಳಮದ್ದಳೆ. ಅಲ್ಲಿ ಪ್ರಸಂಗದ ಪದ್ಯಗಳು ಮಾತ್ರ ಲಿಖಿತ. ಅರ್ಥ ಹೇಳುವುದು ಸಂಪೂರ್ಣವಾಗಿ ಆಶುವಾದದ್ದು. ಕಾಸರಗೋಡಿನ ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918–2006) ಅರ್ಥಧಾರಿಗಳು ಈ ಕಲೆಯನ್ನು ವಿದ್ವತ್ತಿನ ಎತ್ತರಕ್ಕೆ ಒಯ್ದರು. ‘ಕರ್ಣಭೇದನ’ ಪ್ರಸಂಗದಲ್ಲಿ ಕೃಷ್ಣನ ಪಾತ್ರಧಾರಿ ಎಷ್ಟೇ ಪ್ರಬಲವಾದ ವಾದ ಹೂಡಿದರೂ ಕರ್ಣ ಕೌರವನನ್ನು ಬಿಟ್ಟು ಬರುವಂತಿಲ್ಲ. ವಾದದಲ್ಲಿ ಸೋತೆನೆನಿಸಿದರೂ ಬರುವಂತಿಲ್ಲ. ಬಾರದಿರುವುದಕ್ಕೆ ಆ ಇರುಳಿನ ಹೊಸ ಕಾರಣವನ್ನು ಕರ್ಣನ ಅರ್ಥಧಾರಿ ಕಂಡುಕೊಳ್ಳಬೇಕು. ಕೃಷ್ಣನ ಒತ್ತಡ ಹೆಚ್ಚಿದಷ್ಟೂ ಕರ್ಣ ಆಳವಾಗುತ್ತಾನೆ. ಒತ್ತಡ ಹೆಚ್ಚಿದಷ್ಟೂ ಸಡಿಲವಾಗುವ ಯಂತ್ರಪಾತ್ರಕ್ಕೂ ಇದಕ್ಕೂ ಇರುವ ಅಂತರ ಇಲ್ಲಿ ಸ್ಪಷ್ಟವಾಗುತ್ತದೆ.

5. ಕೇಳುಗ ಮತ್ತು ಆಟಗಾರ

ತಾಳಮದ್ದಳೆಯಲ್ಲಿ ಕರ್ಣನನ್ನು ಒತ್ತಾಯಿಸುವವನು ಇನ್ನೊಬ್ಬ ಕಲಾವಿದ. ಪ್ರಸಂಗದ ಗಡಿ ಅವನಿಗೂ ಗೊತ್ತು. ಕಂಸಾಳೆಯ ಕಥೆಯಲ್ಲಿ ಕೇಳುಗರು ಸಂಕಮ್ಮನ ಪಕ್ಕದಲ್ಲಿ ಕುಳಿತವರು. ಮುಮ್ಮೇಳದ ಗಾಯಕ ಹೇಳಿದ್ದನ್ನು ಹಿಮ್ಮೇಳದವರು ಎತ್ತಿಕೊಳ್ಳುತ್ತಾರೆ. ನೆರೆದವರು ನಿಟ್ಟುಸಿರಿಡುತ್ತಾರೆ, ಕಣ್ಣೀರಿಡುತ್ತಾರೆ. ಅವಳ ಉತ್ತರವನ್ನು ಬದಲಿಸುವ ಅಧಿಕಾರ ಅವರಲ್ಲಿ ಯಾರಿಗೂ ಇಲ್ಲ. ಆ ಅಧಿಕಾರವಿಲ್ಲದಿರುವುದರಿಂದಲೇ ಅವರು ಅವಳ ನೋವಿಗೆ ಜೊತೆಯಾಗುತ್ತಾರೆ.

ವಿಡಿಯೋ ಗೇಮ್ ಈ ಸಂಬಂಧವನ್ನು ಮೂಲದಲ್ಲಿಯೇ ಬದಲಿಸುತ್ತದೆ. ಆಟಗಾರ ಕೇಳುಗನಾಗಿ ಉಳಿಯದೆ ಎದುರು ಮಾತಿನವನಾಗುತ್ತಾನೆ. ಕವಲು ಮರದ ಸಂಭಾಷಣೆಯಲ್ಲಿ ಅವನ ಮಾತಿಗೂ ಲೇಖಕ ಗಡಿ ಹಾಕಿದ್ದ. ಯಂತ್ರರಚಿತ ಸಂಭಾಷಣೆಯಲ್ಲಿ ಪಾತ್ರದ ಮೇಲೆ ಏನನ್ನಾದರೂ, ಎಷ್ಟು ಸಲವಾದರೂ ಕೇಳುವ ಅಧಿಕಾರ ಅವನಿಗೆ ದೊರೆಯುತ್ತದೆ. ಪಾತ್ರ ಒಪ್ಪದಿದ್ದರೆ ಮಾತು ತಿರುಗಿಸಿ ಕೇಳಬಹುದು. ಆಟವನ್ನು ಹಿಂದಕ್ಕೆ ಸರಿಸಿ ಮತ್ತೆ ಮೊದಲಿನಿಂದ ಕೇಳಬಹುದು. ಪಾತ್ರಕ್ಕೆ ಹಿಂದಿನ ಬಾರಿಯ ನೆನಪಿರುವುದಿಲ್ಲ, ಆಟಗಾರನಿಗೆ ಇರುತ್ತದೆ. ಪಾತ್ರವನ್ನು ಒತ್ತಿ ಒತ್ತಿ ತನಗೆ ಬೇಕಾದ ಮಾತು ಹೊರಡಿಸುವುದೇ ಹಲವರಿಗೆ ಒಂದು ಉಪ-ಆಟವಾಗಿದೆ ಎಂಬುದನ್ನು ವೇಡರ್ ಪ್ರಸಂಗ ತೋರಿಸಿಕೊಟ್ಟಿದೆ.

ಈ ಸ್ಥಾನಕ್ಕೆ ಮಾದೇಶ್ವರ ಕಾವ್ಯದಲ್ಲಿ ಒಂದು ಹೆಸರಿದೆ: ಅದು ನೀಲೇಗೌಡನ ಸ್ಥಾನ. ಎದುರಿನ ಜೀವದಿಂದ ಭಾಷೆ ಹಿಂಡುವ ಹಟ, ಹಿಂಡುವುದಕ್ಕೆ ಬೇಕಾದ ಸಾಧನ, ಹಿಂಡಿದರೂ ತೃಪ್ತಿಯಿಲ್ಲದ ಅನುಮಾನ, ಇವು ಮೂರೂ ಆ ಪಾತ್ರದ ಲಕ್ಷಣಗಳು. ಯಂತ್ರಪಾತ್ರಕ್ಕೆ ನೋವಾಗುವುದಿಲ್ಲ ಎಂಬುದು ಇಲ್ಲಿ ಸಮಾಧಾನವಾಗದು. ಚರ್ಚೆಯಲ್ಲಿರುವುದು ಆಟಗಾರ ಅಭ್ಯಾಸ ಮಾಡಿಕೊಳ್ಳುವ ಮಾತಿನ ರೀತಿ. ಕಾವ್ಯ ತನ್ನ ಕೇಳುಗನನ್ನು ಸಂಕಮ್ಮನ ಪಕ್ಕದಲ್ಲಿ ಕೂರಿಸಿತು. ಆಟ ತನ್ನ ಆಟಗಾರನನ್ನು, ಅವನಿಗೇ ಅರಿವಿಲ್ಲದಂತೆ, ನೀಲೇಗೌಡನ ಜಾಗದಲ್ಲಿ ನಿಲ್ಲಿಸಬಹುದು. ಪಾತ್ರ ನಿಜವಾಗಿ ನಿರಾಕರಿಸಬಲ್ಲದಾದರೆ ಮಾತ್ರ ಆಟಗಾರನಿಗೆ ತಾನು ನಿಂತ ಜಾಗ ಯಾವುದೆಂದು ತಿಳಿದೀತು. ‘ಫಸಾಡ್’ನ ಟ್ರಿಪ್ ಬಾಗಿಲು ತೆರೆದು ಅತಿಥಿಯನ್ನು ಹೊರಗೆ ಕಳುಹಿಸಿದಾಗ ಆಗುವುದು ಇದೇ.

6. ಯಾರ ನುಡಿ, ಯಾರ ಹೊಣೆ

ಭಾಷೆಯ ಮೊದಲ ಅರ್ಥವಾದ ನುಡಿಯ ವಿಷಯದಲ್ಲಿಯೂ ಸಮಸ್ಯೆಯಿದೆ. 2011ರ ಜನಗಣತಿಯಂತೆ ಕನ್ನಡವನ್ನು ತಾಯ್ನುಡಿಯೆಂದು ಹೇಳಿದವರು ಸುಮಾರು 4.37 ಕೋಟಿ. ಆದರೆ ಅಂತರಜಾಲದ ಪಠ್ಯರಾಶಿಯಲ್ಲಿ ಕನ್ನಡದ ಪಾಲು ಇಂಗ್ಲಿಷಿಗೆ ಹೋಲಿಸಿದರೆ ಅತ್ಯಲ್ಪ. ಇರುವುದರಲ್ಲಿಯೂ ಪತ್ರಿಕೆ, ಆಡಳಿತ ಮತ್ತು ಪಠ್ಯಪುಸ್ತಕದ ಶಿಷ್ಟ ಕನ್ನಡವೇ ಹೆಚ್ಚು. ಪದಾದಿಯ ಹಕಾರ ಬಿಡುವುದು, ‘ಬಿಡು’ ಎಂಬುದು ‘ಬುಡು’ ಆಗುವುದು ಮೊದಲಾದವು ಚಾಮರಾಜನಗರ ಸೀಮೆಯ ಆಡುನುಡಿಯ ಸಹಜ ಲಕ್ಷಣಗಳು. ಇಂಥ ನುಡಿಯನ್ನು ಯಂತ್ರ ತಪ್ಪೆಂದು ತಿದ್ದಬಹುದು, ಇಲ್ಲವೆ ಸಿನಿಮಾ ಹಾಸ್ಯದ ಹಳ್ಳಿ ಮಾತಾಗಿ ಮಾರ್ಪಡಿಸಬಹುದು. ನೆರೆಯ ನಂಜನಗೂಡು ಸೀಮೆಯ ನುಡಿಯಲ್ಲಿ ದೇವನೂರ ಮಹಾದೇವ ಬರೆದ ‘ಕುಸುಮಬಾಲೆ’ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದಿದ್ದು, ಈ ಆಡುನುಡಿಗಳ ಸಾಹಿತ್ಯಕ ಸಾಮರ್ಥ್ಯಕ್ಕೆ ಬೇರೆ ಪ್ರಮಾಣ ಬೇಕಿಲ್ಲ. ಸೋಲಿಗರ ನುಡಿಯ ಲಿಖಿತ ಪಠ್ಯವಂತೂ ಇನ್ನೂ ವಿರಳ.

ನುಡಿಯಂತೆ ನೆಲದ ತಿಳಿವಳಿಕೆಯೂ ಜಾಲದಲ್ಲಿ ದೊರೆತಷ್ಟೇ. ಹೂಗ್ಯಂ ಮತ್ತು ಸುತ್ತಣ ಕಾಡು ಸುದ್ದಿಯಲ್ಲಿ ಕಾಣಿಸಿಕೊಂಡದ್ದು ಬಹುಮಟ್ಟಿಗೆ ಎರಡು ಕಾರಣಗಳಿಗೆ: 2004ರಲ್ಲಿ ಹತನಾದ ವೀರಪ್ಪನ್‌ನ ಕಾಲದ ಭಯ, ಮತ್ತು 2025ರ ಜೂನ್‌ನಲ್ಲಿ ಹೂಗ್ಯಂ ವಲಯದಲ್ಲಿ ತಾಯಿ ಹುಲಿಯೂ ನಾಲ್ಕು ಮರಿಗಳೂ ವಿಷಪ್ರಾಶನದಿಂದ ಸತ್ತ ದುರಂತ. ಇಂಥ ಸುದ್ದಿಗಳಿಂದ ಈ ಸೀಮೆಯನ್ನು ಕಲಿತ ಯಂತ್ರ ಇಲ್ಲಿನ ಪಾತ್ರವೊಂದಕ್ಕೆ ಮಾತು ಕೊಟ್ಟರೆ, ಆ ಮಾತಿನಲ್ಲಿ ಕೋವಿ ಮತ್ತು ವಿಷ ಮುಂದಾಗಿ, ಜೇನಿನ ಹಂಗಾಮು, ಮಾದಪ್ಪನ ಹರಕೆ, ರಾಗಿಯ ಹೊಲ ಹಿಂದೆ ಸರಿಯುವ ಅಪಾಯವಿದೆ.

ಜಾತ್ರೆಯ ದೃಶ್ಯವನ್ನು ಉದಾಹರಣೆಯಾಗಿ ನೋಡಬಹುದು. ಗುಂಪಿನ ಬಿಡಿ ಉದ್ಗಾರಗಳನ್ನು ಯಂತ್ರಕ್ಕೆ ವಹಿಸುವುದರಲ್ಲಿ ನಷ್ಟವಿಲ್ಲ, ಅವು ಅಮುಖ್ಯ ಎಂಬ ಭಾವನೆ ಉದ್ಯಮದಲ್ಲಿದೆ. ಸಂತೆಯ ಗದ್ದಲಕ್ಕೆ ಇದು ಒಪ್ಪಬಹುದು. ಆದರೆ ಬೆಟ್ಟದ ದೀಪಾವಳಿ ಜಾತ್ರೆಯಲ್ಲಿ ಏಳುವ ‘ಉಘೇ’ ಎಂಬ ಘೋಷ ತುಂಬುಪದವಲ್ಲ. ಅದು ದೈವಕ್ಕೆ ಸಮುದಾಯ ಕೊಡುವ ಓಗೊಡುವಿಕೆ. ಯಾವುದು ಅಮುಖ್ಯ ಮಾತು ಎಂಬ ತೀರ್ಮಾನವನ್ನು ಆ ಮಾತಿನವರನ್ನು ಬಿಟ್ಟು ಬೇರೆಯವರು ಮಾಡಿದಾಗ ಇಂಥ ಸೂಕ್ಷ್ಮ ಕಳೆದುಹೋಗುತ್ತದೆ.

ಪಠ್ಯದ ಕೊರತೆಯನ್ನು ತುಂಬುವ ಕೆಲಸಗಳೂ ನಡೆಯುತ್ತಿವೆ. ಕೇಂದ್ರ ಸರ್ಕಾರದ ‘ಭಾಷಿಣಿ’ ಯೋಜನೆ 2022ರಲ್ಲಿ ಆರಂಭವಾಯಿತು. ಮದರಾಸಿನ ಐಐಟಿಯ ‘ಎಐ4ಭಾರತ್’ ತಂಡ ಭಾರತೀಯ ಭಾಷೆಗಳ ಪಠ್ಯ ಮತ್ತು ಧ್ವನಿಯ ಸಂಗ್ರಹದಲ್ಲಿ ತೊಡಗಿದೆ. ಇವು ಸ್ವಾಗತಾರ್ಹ. ಆದರೆ ಸಂಗ್ರಹದ ಜೊತೆಗೆ ಹೊಣೆಯ ಪ್ರಶ್ನೆಯೂ ಬರುತ್ತದೆ. 1997ರ ಮಾದೇಶ್ವರ ಪಾಠ ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರ ಹೆಸರಿನಲ್ಲಿ ಗುರುತಾಗಿದೆ; ಅದರ ಯಾವ ಸೊಲ್ಲಿನ ಬಗೆಗೂ ‘ಇದು ಇಂಥವರು ಹಾಡಿದ್ದು’ ಎನ್ನಬಹುದು. ಅದೇ ಪಾಠ ಮಾದರಿಯೊಂದರ ಪಠ್ಯರಾಶಿಗೆ ಸೇರಿದರೆ, ಹೊರಬರುವ ಮಾತಿನಲ್ಲಿ ಅವರ ಹೆಸರು ಉಳಿಯುವುದಿಲ್ಲ. ಅಮೆರಿಕದಲ್ಲಿ ವಿಡಿಯೋ ಗೇಮ್‌ಗಳಿಗೆ ದನಿ ಕೊಡುವ ಕಲಾವಿದರು ಈ ಬಗೆಯ ಪ್ರಶ್ನೆಗಳನ್ನು ಮುಂದಿಟ್ಟು 2024ರ ಜುಲೈನಲ್ಲಿ ಮುಷ್ಕರ ಹೂಡಿದರು. ಕೃತಕ ಬುದ್ಧಿಮತ್ತೆಯ ಬಳಕೆಗೆ ಕಲಾವಿದರ ಒಪ್ಪಿಗೆ ಬೇಕೆಂಬ ನಿಯಮಗಳುಳ್ಳ ಒಪ್ಪಂದ 2025ರ ಜುಲೈನಲ್ಲಿ ಅಂಗೀಕಾರವಾಯಿತು. ವೇಡರ್ ಪಾತ್ರಕ್ಕೆ ಬಳಸಿದ್ದು 2024ರಲ್ಲಿ ತೀರಿಕೊಂಡ ಜೇಮ್ಸ್ ಅರ್ಲ್ ಜೋನ್ಸ್ ಅವರ ದನಿಯ ಯಾಂತ್ರಿಕ ಮರುಸೃಷ್ಟಿ. ಅದಕ್ಕೆ ಕುಟುಂಬದ ಒಪ್ಪಿಗೆ ಇತ್ತು. ಆದರೂ ಮಾತುಕತೆಯಿಲ್ಲದೆ ಕಲಾವಿದರ ಕೆಲಸವನ್ನು ಯಂತ್ರಕ್ಕೆ ವಹಿಸಲಾಗಿದೆ ಎಂದು ಕಲಾವಿದರ ಸಂಘ ದೂರು ಸಲ್ಲಿಸಿತು. ದೀಕ್ಷೆ ಪಡೆದು, ಭಿಕ್ಷೆ ಬೇಡಿ, ಇರುಳಿಡೀ ಹಾಡುವ ಗುಡ್ಡನ ದನಿಗೆ ಅಂಥ ಲಿಖಿತ ಒಪ್ಪಂದದ ರಕ್ಷಣೆ ಹೇಗೆ ದೊರಕೀತು ಎಂಬುದನ್ನು ಅಕಾಡೆಮಿಗಳೂ ವಿಶ್ವವಿದ್ಯಾಲಯಗಳೂ ಯೋಚಿಸಬೇಕಾಗಿದೆ. ಧ್ವನಿಮುದ್ರಿಕೆಗಳ ಭಂಡಾರ ಬಹುಮಟ್ಟಿಗೆ ಇರುವುದು ಅವುಗಳ ಬಳಿಯಲ್ಲಿಯೇ.

7. ಸಮಾರೋಪ

ಈ ಪರಿಶೀಲನೆಯಿಂದ ಯಂತ್ರರಚಿತ ಸಂಭಾಷಣೆಯನ್ನು ಕೈಬಿಡಬೇಕೆಂಬ ತೀರ್ಮಾನ ಹೊರಡುವುದಿಲ್ಲ. ಮಾದೇಶ್ವರನ ಕಥೆ ಕಂಸಾಳೆಯಿಂದ ಅಚ್ಚಿಗೆ ಬಂದಿದೆ. 2018ರಲ್ಲಿ ‘ಉಘೇ ಉಘೇ ಮಾದೇಶ್ವರ’ ಎಂಬ ಧಾರಾವಾಹಿಯಾಗಿ ಕಿರುತೆರೆಗೂ ಬಂದಿದೆ. ಮುಂದೆ ಅದು ಆಟದ ರೂಪಕ್ಕೂ ಬರಬಹುದು. ಶಿಷ್ಟ ಕನ್ನಡದ ಒಂದೇ ದನಿಯಲ್ಲಿ ಬರೆದಿಟ್ಟ ಸಂಭಾಷಣೆಗಿಂತ, ಸೀಮೆಯ ನುಡಿಯನ್ನು ಗಾಯಕರ ಒಪ್ಪಿಗೆಯಿಂದ ಕಲಿತ ಯಂತ್ರಪಾತ್ರ ಎಳೆಯರಿಗೆ ಹೆಚ್ಚು ಹತ್ತಿರವಾಗಲೂಬಹುದು. ಆ ರೂಪವನ್ನು ಅಳೆಯುವುದಕ್ಕೆ ಹನೂರು ಸೀಮೆಯ ಕಾವ್ಯ ಒಂದು ಮಾನದಂಡವನ್ನು ಒದಗಿಸುತ್ತದೆ ಎಂಬುದಷ್ಟೇ ಇಲ್ಲಿನ ಪ್ರತಿಪಾದನೆ.

ಯಂತ್ರಪಾತ್ರದ ಗುಣವನ್ನು ಅದು ಎಷ್ಟು ಸರಾಗವಾಗಿ, ಎಷ್ಟು ಬಗೆಯಲ್ಲಿ ಮಾತನಾಡುತ್ತದೆ ಎಂಬುದರಿಂದ ಅಳೆಯುವುದು ಈಗಿನ ರೂಢಿ. ಸಂಕಮ್ಮನ ಸಾಲು ಸೂಚಿಸುವ ಪರೀಕ್ಷೆ ಬೇರೆ. ಆಟಗಾರ ನೀಲೇಗೌಡನಂತೆ ಬೆದರಿಸಿ, ಬೇಡಿ, ಪುಸಲಾಯಿಸಿ, ಮಾತು ತಿರುಚಿ ಭಾಷೆ ಕೇಳಲಿ. ಆಟವನ್ನು ಹಿಂದಕ್ಕೆ ಸರಿಸಿ ನೂರು ಸಲ ಕೇಳಲಿ. ಪ್ರತಿ ಸಲವೂ ಪಾತ್ರ ಹೊಸ ಮಾತಿನಲ್ಲಿ, ತನ್ನ ಸೀಮೆಯ ನುಡಿಯಲ್ಲಿ, ತನ್ನದೇ ಕಾರಣದಿಂದ ನಿರಾಕರಿಸಿದರೆ, ಆ ನಿರಾಕರಣೆಗೆ ಹೊಣೆಯಾಗುವ ಲೇಖಕರ ಮತ್ತು ಗಾಯಕರ ಹೆಸರು ಆಟದ ಮೇಲೆ ಇದ್ದರೆ, ಅಲ್ಲಿ ಒಂದು ಪಾತ್ರ ಹುಟ್ಟಿದೆ ಎನ್ನಬಹುದು. ನೂರರಲ್ಲಿ ಒಂದು ಸಲ ಅದು ಸೋತು ಭಾಷೆ ಕೊಟ್ಟರೂ ಅಲ್ಲಿರುವುದು ಸಂಕಮ್ಮನಲ್ಲ. ಹೂಗ್ಯಂ ಸುತ್ತಿನ ಹಳ್ಳಿಯೊಂದರಲ್ಲಿ ಇರುಳು ಕಥೆ ಕೇಳಿ ಬೆಳೆದ ಯಾವ ಮುದುಕಿಯೂ ಅದನ್ನು ಕ್ಷಣದಲ್ಲಿ ಗುರುತಿಸಿಯಾಳು. ಆದ್ದರಿಂದ ಅಂಥ ಆಟವನ್ನು ಕಟ್ಟುವವರು ತಮ್ಮ ಪಾತ್ರವನ್ನು ಮೊದಲು ಒಯ್ಯಬೇಕಾದದ್ದು ಅವಳ ಬಳಿಗೆ.